ಹಿಂಬಾಗಿಲ ಚಿಲಕ ಎಷ್ಟೆತ್ತರದಲ್ಲಿರಬೇಕು

ಅವಘಡವಾದ ಮೇಲೆ ತಪ್ಪಿತಸ್ಥರನ್ನು ಹಿಡಿಯುವ ಕಾನೂನು ಎಲ್ಲರ ಕಣ್ಣಿಗೂ ಬೀಳುತ್ತದೆ. ಅವಘಡವೇ ಆಗದಂತೆ ಮುಂಚಿತವಾಗಿ ಬಂದು ನಿಲ್ಲುವ ಕಾನೂನಿಗೆ ಸಿಗುವುದು ಬೈಗುಳವೇ. ಈ ಎರಡನೆಯದರ ಚಾಕರಿಯಲ್ಲಿ ತಲೆ ನರೆಸಿಕೊಂಡು, ಅಗ್ನಿಸುರಕ್ಷತೆಯ ತಪಾಸಣಾಧಿಕಾರಿಯಾಗಿ ಈಗ ನಿವೃತ್ತರಾಗುತ್ತಿರುವ ಹಿರಿಯರನ್ನು ಕಚೇರಿಯವರೆಲ್ಲ ಕರೆಯುವುದು ‘ಬಾಗಿಲಮ್ಮ’ ಎಂದು. ಆ ಹೆಸರಿಟ್ಟವರು ಯಾರೆಂದು ಗೊತ್ತಿದ್ದೂ ಗೊತ್ತಿಲ್ಲದಂತಿರುವುದು ಅವರ ದೊಡ್ಡತನ.

ಹೊಗೆ ತುಂಬಿದಾಗ ಉಸಿರಿಗೆ ಗಾಳಿ ಸಿಗುವುದು ನೆಲದ ಹತ್ತಿರ. ಆದ್ದರಿಂದ ಸೇವೆಗೆ ಸೇರಿದಾಗಿನಿಂದಲೂ ಅವರು ಯಾವ ಕಟ್ಟಡಕ್ಕೆ ಹೋದರೂ ಮಂಡಿಯೂರಿ, ಕಣ್ಣು ಮುಚ್ಚಿ, ಗೋಡೆ ತಡವುತ್ತ ಹೊರಬಾಗಿಲು ಮುಟ್ಟಿ ನೋಡುತ್ತಿದ್ದರು. ಮಾಲೀಕರು ಮುಸಿಮುಸಿ ನಗುತ್ತಿದ್ದರು. ಇವರು ಧೂಳು ಕೊಡವಿಕೊಂಡು ಆದೇಶ ಬರೆಯುತ್ತಿದ್ದರು.

ಒಮ್ಮೆ ಮಕ್ಕಳ ಪಾಲನಾ ಕೇಂದ್ರವೊಂದರ ಹಿಂಬಾಗಿಲಿಗೆ ಬೀಗ ಜಡಿದಿತ್ತು. ಮಕ್ಕಳು ರಸ್ತೆಗಿಳಿಯದಿರಲೆಂದು ಕೇಂದ್ರದ ಒಡತಿಯೇ ಹಾಕಿಸಿದ್ದು. ಬೆಂಕಿ ಬಿದ್ದರೆ ಬೀಗದ ಕೈ ಹುಡುಕುವಷ್ಟು ಹೊತ್ತಿರುವುದಿಲ್ಲವೆಂದು ಬಾಗಿಲಮ್ಮ ಅದನ್ನು ತೆಗೆಸಿ, ಒಳಗಿನಿಂದ ತೆರೆಯುವ ಚಿಲಕ ಹಾಕಿಸಿದರು. ಎಡವಿದ್ದು ಅಲ್ಲೇ. ಮಂಡಿಯೂರಿ ಪರೀಕ್ಷಿಸಿದವರು ಚಿಲಕವನ್ನೂ ಅದೇ ಎತ್ತರಕ್ಕೆ ಹಾಕಲು ಹೇಳಿದ್ದರು. ಅದು ಮೂರು ವರ್ಷದ ಹುಡುಗಿಯೊಬ್ಬಳ ಕೈಗೆ ಸಲೀಸಾಗಿ ಎಟುಕಿತು.

ಒಂದು ಮಧ್ಯಾಹ್ನ ಮಗು ಕಾಣೆಯಾಯಿತು. ಸುದ್ದಿ ಮುಟ್ಟಿದೊಡನೆ ಬಾಗಿಲಮ್ಮ ಓಡಿಬಂದು, ಮಗುವಿನ ಅಪ್ಪ ಅಮ್ಮನ ಜೊತೆ ಬೀದಿ ಬೀದಿ ಹುಡುಕಿದರು. ಕೊನೆಗೆ ಮಗು ಸಿಕ್ಕಿದ್ದು ಪಕ್ಕದ ದರ್ಜಿಯಂಗಡಿಯಲ್ಲಿ, ಮೇಜಿನಡಿಯ ಬಟ್ಟೆಚೂರುಗಳ ರಾಶಿಯ ಮೇಲೆ, ಗಾಢ ನಿದ್ದೆಯಲ್ಲಿ. ಯಂತ್ರದ ಸದ್ದಿನಲ್ಲಿ ಅದು ನುಸುಳಿ ಬಂದದ್ದೇ ದರ್ಜಿಗೆ ತಿಳಿದಿರಲಿಲ್ಲ. ಬಾಗಿಲಮ್ಮ ಅಂಗಡಿಯ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟರು.

ಅಪ್ಪನ ಹೆದರಿಕೆ ಸಿಟ್ಟಿಗೆ ತಿರುಗಿತು. ಈ ಅಧಿಕಾರಿಯ ಮೇಲೆ ದೂರು ಕೊಟ್ಟೇ ತೀರುತ್ತೇನೆಂದರು. ಎಲ್ಲರೂ ಕೇಂದ್ರಕ್ಕೆ ಮರಳುವಷ್ಟರಲ್ಲಿ ಒಡತಿ ಹಳೆಯ ಬೀಗ ಹುಡುಕಿ ತಂದಿದ್ದರು.

“ಬೆಂಕಿ ಬಿದ್ರೆ ನನ್ನನ್ನ ಜೈಲಿಗೆ ಹಾಕಿ ಮೇಡಂ. ಅಲ್ಲೀವರೆಗೂ ನನ್ನ ಬಾಗಿಲಿಗೆ ನನ್ನ ಬೀಗ.”

ಬಾಗಿಲಮ್ಮ ಮಗುವಿನ ಅಪ್ಪನಿಗೆ, ತಪ್ಪು ತಮ್ಮದೇ, ದೂರು ಬರೆಯಿರಿ ಎಂದರು. ಆಮೇಲೆ ಒಡತಿಯ ಕಡೆ ತಿರುಗಿದರು. “ಬೀಗ ಮಾತ್ರ ಬೇಡಮ್ಮ. ನಿಮ್ಮನ್ನ ಜೈಲಿಗೆ ಹಾಕಿದ್ರೆ ಮಕ್ಕಳು ವಾಪಸ್ ಬರ್ತಾರಾ?”

ಮಲಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದ ತಾಯಿ ಗಂಡನಿಗೆ ಮೆಲ್ಲಗೆ ಹೇಳಿದರು: “ದೂರು ಆಮೇಲೆ ನೋಡ್ಕೊಳ್ಳೋಣ ರೀ. ಮೊದಲು ಚಿಲಕ ಮೇಲಕ್ಕೆ ಹಾಕ್ಸಿ. ನಾಳೆ ಇವಳನ್ನ ಇಲ್ಲೇ ತಾನೇ ಬಿಡಬೇಕು?”

ಸಂಜೆಯೊಳಗೆ ಬಡಗಿ ಬಂದರು. ಬಗ್ಗಿ ಬಂದ ದೊಡ್ಡವರು ಕೈ ಚಾಚಿದರೆ ಸಿಗುವಷ್ಟು, ಮಕ್ಕಳು ಎಗರಿದರೂ ಸಿಗದಷ್ಟು ಎತ್ತರಕ್ಕೆ ಚಿಲಕ ಏರಿತು. ಬಗ್ಗಿ ಅಳತೆ ಕೊಟ್ಟವರು ಆ ಅಪ್ಪನೇ. ದೂರಿನ ಮಾತು ಮತ್ತೆ ಬರಲಿಲ್ಲ.

ಅಲ್ಲಿಂದಾಚೆ ಬಾಗಿಲಮ್ಮ ಪ್ರತಿ ಬಾಗಿಲನ್ನೂ ಎರಡು ಸಲ ನೋಡಿದರು: ಓಡಿಹೋಗಬೇಕಾದವರಿಗಾಗಿ ಒಮ್ಮೆ, ಓಡಿಹೋಗಬಾರದವರಿಗಾಗಿ ಒಮ್ಮೆ. ಕಿರಿಯರಿಗೂ ಹಾಗೆಯೇ ಕಲಿಸಿದರು. ನಿವೃತ್ತಿಯ ನಂತರವೂ ಕಲಿಸಲು ಬರುವುದಾಗಿ ಒಪ್ಪಿದ್ದಾರೆ. ಅದಕ್ಕೆ ಬೇಕಾದ ಆಯುಷ್ಯ, ಆರೋಗ್ಯ ಅವರಿಗೆ ಧಾರಾಳವಾಗಿ ದೊರೆಯಲಿ. ಅವರು ತೆರೆಸಿಟ್ಟ ಬಾಗಿಲುಗಳಿಂದ ಜೀವ ಕೈಯಲ್ಲಿ ಹಿಡಿದು ಓಡುವ ಗಳಿಗೆ ಯಾರಿಗೂ ಎಂದಿಗೂ ಬಾರದಿರಲಿ.