ಹಳೇದು ವಾಪಸ್ ಬಂದಿಲ್ಲ

ಕ್ಯಾನ್ಸರ್ ಒಬ್ಬರಿಗೆ ಒಂದೇ ಸಲ ಬರುತ್ತದೆ ಎಂದು ನಾನು ಕೆಲಸಕ್ಕೆ ಸೇರುವ ವಯಸ್ಸಿನವರೆಗೂ ನಂಬಿದ್ದೆ. ಸೀತಾಳೆ ಸಿಡುಬಿನ ಹಾಗೆ. ಬಂದು ಹೋಯಿತೆಂದರೆ ಬೇವಿನ ಸೊಪ್ಪಿನ ನೀರು ಸುರಿದುಕೊಂಡು ಎದ್ದರಾಯಿತು, ಆಮೇಲೆ ಊರಿಗೆಲ್ಲ ಬಂದರೂ ನಮಗಿಲ್ಲ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಪೂರ್ತಿ ಸ್ವಂತ ಸಂಶೋಧನೆ. ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು.

ಕೋಲ್ಕತ್ತದ ದಕ್ಷಿಣೇಶ್ವರದಲ್ಲಿ ಬಾಡಿಗೆ ಕೋಣೆ ನೋಡಲು ಹೋದ ದಿನ ಮನೆಯೊಡತಿ ಇಂದುಮತಿ ನನ್ನನ್ನು ತಾರಸಿಗೆ ಕರೆದೊಯ್ದು ಬಟ್ಟೆ ಒಣಹಾಕುವ ಹಗ್ಗ ತೋರಿಸಿದರು. ಹಗ್ಗದ ಮೇಲೆ ಅಂಗೈಯಗಲದ ದುಂಡನೆಯ ಬಟ್ಟೆಚೀಲಗಳು ಸಾಲಾಗಿ ನೇತಾಡುತ್ತಿದ್ದವು. ದೇವರಿಗೆ ದಿಂಬಾ ಎಂದು ಕೇಳಿದೆ.

"ದೇವರಿಗಲ್ಲಪಾ, ನನಗ. ಎದಿ ಕ್ಯಾನ್ಸರ್ ಆಗಿತ್ತು, ಒಂದು ಕಡೆ ತಗದಾರ. ಇದರಾಗ ನವಣಿ ತುಂಬಿ ಒಳಗ ಇಟಗೊಂಡ್ರ ಎರಡೂ ಕಡೆ ತೂಕ ಸರಿ ಆಗತೈತಿ. ಬರೇ ಹತ್ತಿ ತುಂಬಿದ್ರ ಹಗರ ಆಗಿ ಮ್ಯಾಲೆ ಏರತೈತಿ," ಎಂದರು, ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆಂದು ಹೇಳುವ ದನಿಯಲ್ಲೇ.

ನಾಚಿಕೆಯಿಂದ ಬೆಂದುಹೋಗಿದ್ದ ನಾನು ಏನಾದರೂ ಒಳ್ಳೆಯದು ಹೇಳಬೇಕೆಂದು, "ಬಿಡಿ ಆಂಟಿ, ನಿಮ್ಮದು ಮುಗೀತಲ್ಲ. ಭಯ ಇರೋದು ನಮ್ಮಂಥೋರಿಗೆ, ನಮಗಿನ್ನೂ ಬಂದಿಲ್ವಲ್ಲ," ಎಂದುಬಿಟ್ಟೆ.

ಅವರು ನನ್ನನ್ನೊಮ್ಮೆ ನೋಡಿ, ಕೆಳಗಿದ್ದ ಗಂಡನಿಗೆ ಕೇಳುವಂತೆ ಕೂಗಿದರು: "ಏನ್ರೀ, ಈ ಹುಡುಗಗ ರೂಮ್ ಕೊಡೂಣು. ಮನ್ಯಾಗ ದಿನಾ ನಗಾಕ ಯಾರರ ಬೇಕಲ್ಲ."

ನನ್ನ ಹೆಸರು ಸಮರ್ಥ್. ಹೆಸರಿಟ್ಟವರು ಸ್ವಲ್ಪ ಕಾಯಬಹುದಿತ್ತು. ಸಾಲ್ಟ್ ಲೇಕ್‌ನ ಒಂದು ಕಚೇರಿಯಲ್ಲಿ ಕೂತು, ಕರ್ನಾಟಕದ ಗ್ರಾಹಕರು ಫೋನಿನಲ್ಲಿ ಬೈಯುವುದನ್ನು ಕೇಳಿ, "ನಿಮ್ಮ ತೊಂದರೆ ನನಗೆ ಅರ್ಥವಾಗುತ್ತದೆ" ಎನ್ನುವುದಕ್ಕೆ ಸಂಬಳ ಪಡೆಯುತ್ತೇನೆ. ಅರ್ಥವಾಗಬೇಕೆಂಬ ಷರತ್ತು ನೇಮಕಾತಿಯಲ್ಲಿರಲಿಲ್ಲ.

ಇಂದುಮತಿ ಧಾರವಾಡದ ಕಡೆಯವರು. ಗಂಡ ಕಲ್ಲಪ್ಪನವರಿಗೆ ಕೇಂದ್ರ ಸರ್ಕಾರದ ಭೂವಿಜ್ಞಾನ ಕಚೇರಿಯಲ್ಲಿ ಕೆಲಸ ಸಿಕ್ಕಿ ಇಬ್ಬರೂ ಇಲ್ಲಿಗೆ ಬಂದರು. ಆಮೇಲೆ ಪರೀಕ್ಷೆ ಬರೆದು ಇಂದುಮತಿಯೂ ರೈಲ್ವೆ ಸೇರಿ, ನಿವೃತ್ತಿಯವರೆಗೆ ರಿಸರ್ವೇಷನ್ ಕೌಂಟರಿನ ಕಿಟಕಿಯ ಹಿಂದೆ ಕೂತರು. ಕಿಟಕಿ ಬಿಟ್ಟರೂ ಕಿಟಕಿಯ ಮಾತು ಅವರನ್ನು ಬಿಟ್ಟಿರಲಿಲ್ಲ. ಏನು ಕೇಳಿದರೂ ಉತ್ತರ ಚಿಕ್ಕದು, ಮುಂದಿನವರು ಬರಬಹುದು ಎಂಬಂತೆ. ಆಂಟಿ ಅನ್ನಬೇಡ, ಕಾಕು ಅನ್ನು ಎಂದರು. ಅವರ ಕಡೆ ಚಿಕ್ಕಮ್ಮನಿಗೆ ಹಾಗನ್ನುತ್ತಾರೆ. ಬಂಗಾಳಿಯಲ್ಲಿ ಕಾಕು ಎಂದರೆ ಚಿಕ್ಕಪ್ಪ. ನಾನು ಸಂತೆಯ ನಡುವೆ ಅವರನ್ನು ಹಾಗೆ ಕೂಗಿದಾಗಲೆಲ್ಲ ಮೀನಿನವರು ಕತ್ತಿ ನಿಲ್ಲಿಸಿ ತಲೆಯೆತ್ತುತ್ತಿದ್ದರು.

ನವಣೆಯ ಚೀಲಗಳನ್ನು ಅವರು ತಮಗೆ ಮಾತ್ರ ಹೊಲಿಯುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಪರಿಚಯವಾದ ಹೆಂಗಸರಿಗೂ ಅಳತೆ ಕೇಳಿ ಹೊಲಿದು ಕೊಡುತ್ತಿದ್ದರು. ಕೋಲ್ಕತ್ತದ ಕನ್ನಡಿಗರಲ್ಲಿ ಯಾರಿಗೆ ಗಂಟು ಕಂಡರೂ ಮೊದಲ ಫೋನು ಕಾಕುವಿಗೆ. ಒಂದು ರಾಜ್ಯೋತ್ಸವದಲ್ಲಿ ಇಲ್ಲಿನ ಕನ್ನಡ ಸಂಘದವರು "ಕ್ಯಾನ್ಸರ್ ಗೆದ್ದ ಮಹಿಳೆ" ಎಂದು ಶಾಲು ಹೊದಿಸಿದ್ದರು. ಆ ಫೋಟೋ ಟೀವಿಯ ಪಕ್ಕದಲ್ಲಿತ್ತು. ಫೋಟೋದಲ್ಲಿ ಅವರ ಮುಖ, ಕಾಯ್ದಿರಿಸದ ಡಬ್ಬಿಯಲ್ಲಿ ಕಿಟಕಿಯ ಸೀಟು ಸಿಕ್ಕವರ ಹಾಗೆ, ಖುಷಿಯಾಗಿದೆ, ಆದರೆ ಯಾರಾದರೂ ಬಂದು ಎಬ್ಬಿಸುತ್ತಾರೇನೋ ಎಂಬ ಅನುಮಾನವೂ ಇದೆ.

ಈ ಊರಿನ ಕನ್ನಡಿಗರಲ್ಲಿ ಒಂದು ಶಾಸ್ತ್ರವಿದೆ. ಹೊಟ್ಟೆಗೆ ಏನೇ ಆದರೂ ಕಾರಣ ಸಾಸಿವೆ ಎಣ್ಣೆ. ಇಲ್ಲೇ ಇಪ್ಪತ್ತು ವರ್ಷ ಸಾಸಿವೆ ಎಣ್ಣೆಯ ಆಲೂಗಡ್ಡೆ ತಿಂದು ದುಂಡಗಾದವರೂ ಉಬ್ಬರ ಬಂದ ದಿನ ಅದಕ್ಕೇ ಶಾಪ ಹಾಕುತ್ತಾರೆ. ಹೋದ ವರ್ಷ ಕಾಕುವಿನ ಹೊಟ್ಟೆ ಕೆಟ್ಟಿತು. ಒಂದು ವಾರ ಕಟ್ಟುವುದು, ಒಂದು ವಾರ ಹರಿಯುವುದು. ಕಲ್ಲಪ್ಪನವರು ಕೂಡಲೇ ತೀರ್ಪು ಕೊಟ್ಟರು. ಹುಬ್ಬಳ್ಳಿಯಿಂದ ಬರುವ ಪರಿಚಯದವರ ಕೈಯಲ್ಲಿ ಶೇಂಗಾ ಎಣ್ಣೆಯ ಡಬ್ಬಿಗಳು ಬಂದವು. ಹೊತ್ತು ತಂದು ಮೆಟ್ಟಿಲು ಹತ್ತಿಸಿದವನು ನಾನೇ, ಔಷಧ ಹೊತ್ತು ತಂದ ಹನುಮಂತನ ಠೀವಿಯಲ್ಲಿ. ಮಲದಲ್ಲಿ ರಕ್ತ ಕಂಡಾಗ, ಇಷ್ಟು ವರ್ಷದ ಸಾಸಿವೆಯ ಉಷ್ಣ ಹೊರಗೆ ಹೋಗುತ್ತಿದೆ, ಮೂಲವ್ಯಾಧಿ ಇರಬೇಕು ಎಂದು ಮೂವರೂ ಒಪ್ಪಿಕೊಂಡೆವು.

ಕಾಕುವೂ ಒಪ್ಪಿದ್ದು ನನಗೆ ಆಮೇಲೆ ತುಂಬ ಕಾಡಿತು. ಎದೆಯ ವಿಷಯದಲ್ಲಿ ಅಷ್ಟು ಎಚ್ಚರದ ಹೆಂಗಸು. ವರ್ಷವರ್ಷವೂ ಅದರ ತಪಾಸಣೆಗೆ ಹೋಗುತ್ತಿದ್ದರು. ಪ್ರತಿ ಸಲ ವೈದ್ಯರು ಏನೂ ಇಲ್ಲ ಎನ್ನುತ್ತಿದ್ದರು, ಇವರು ಸಂದೇಶ್ ಮಿಠಾಯಿ ತಂದು ಹಂಚುತ್ತಿದ್ದರು. ಆ "ಏನೂ ಇಲ್ಲ" ಎಂಬುದು ಎದೆಯೊಂದಕ್ಕೇ ಸೇರಿದ ಮಾತು. ನಾವು ಅದನ್ನು ಇಡೀ ಮೈಗೆ ಹೊದಿಸಿಕೊಂಡಿದ್ದೆವು. ಒಂದು ಬಾಗಿಲಿಗೆ ಕಾವಲು ಕೂತವರಿಗೆ ಮನೆಗೆ ಇನ್ನೂ ಬಾಗಿಲುಗಳಿವೆ ಎಂಬುದು ಮರೆತೇ ಹೋಗುತ್ತದೆ. ನನ್ನ ಸಿಡುಬಿನ ಶಾಸ್ತ್ರಕ್ಕೆ ನಕ್ಕವರೇ ಒಳಗೊಳಗೆ ಅದನ್ನು ಸ್ವಲ್ಪ ನಂಬಿದ್ದರೇನೋ.

ಶಾಸ್ತ್ರ ಮುರಿದವಳು ಮಗಳು ಶ್ರೀರಕ್ಷಾ. ಗರಿಯಾಹಾಟ್ ಹತ್ತಿರದ ಶಾಲೆಯೊಂದರಲ್ಲಿ ಟೀಚರು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಭಾನುವಾರ ಊಟಕ್ಕೆ ಬಂದವಳು ಬಚ್ಚಲಿನಿಂದ ಹೊರಬಂದ ತಾಯಿಯ ಮುಖ ನೋಡಿ, ರಕ್ತ ಇನ್ನೂ ನಿಂತಿಲ್ಲವೆಂದು ಕೇಳಿ ತಿಳಿದು, ತಟ್ಟೆ ಪಕ್ಕಕ್ಕೆ ಸರಿಸಿದಳು.

"ಮಮ್ಮಿ, ಆಯಿಲ್ ಚೇಂಜ್ ಮಾಡಿ ಫೋರ್ ಮಂತ್ಸ್ ಆಯ್ತು ನಾ? ತೋ ಫಿರ್ ಬ್ಲಡ್ ಯಾಕೆ? ಪಪ್ಪಾ, ಆಪ್ ಬತಾವೋ."

ಪಪ್ಪಾ ಉಪ್ಪಿನಕಾಯಿ ಬಾಟಲಿ ಹತ್ತಿರಕ್ಕೆ ಎಳೆದುಕೊಂಡರು. ನಾನು ಅನ್ನ ಕಲಸುವುದರಲ್ಲಿ ಮಗ್ನನಾದೆ.

ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಕೇಳಲು ಹೋದಾಗ ಕಲ್ಲಪ್ಪನವರ ಮೊಣಕಾಲಿಗೆ ಆಸರೆಯಾಗಿ ನಾನೂ ಇದ್ದೆ. ದೊಡ್ಡ ಕರುಳಿನ ಕೆಳಭಾಗದಲ್ಲಿ ಕ್ಯಾನ್ಸರ್.

"ತಿರುಗಿ ಬಂತು," ಎಂದು ಕಲ್ಲಪ್ಪನವರು ಕಣ್ಣು ಮುಚ್ಚಿದರು.

ವೈದ್ಯರು ಚಿಕ್ಕ ವಯಸ್ಸಿನ ಬಂಗಾಳಿ. ಅವರು ಇವರಿಗಲ್ಲ, ಕಾಕುವಿಗೇ ಹೇಳಿದರು. "ತಿರುಗಿ ಬಂದಿಲ್ಲ, ಮಾಸಿಮಾ. ಎದೆಯದು ಹರಡಿ ಇಲ್ಲಿಗೆ ಬಂದದ್ದಲ್ಲ. ಇದು ಇಲ್ಲೇ ಹೊಸದಾಗಿ ಹುಟ್ಟಿದ್ದು. ಬೇರೆಲ್ಲೂ ಹರಡಿದಂತೆ ಕಾಣುವುದಿಲ್ಲ. ಆಪರೇಷನ್ ಮಾಡಿದರೆ ಪೂರ್ತಿ ತೆಗೆಯಬಹುದು ಎಂಬ ಭರವಸೆಯಿದೆ. ಕೆಲವು ತಿಂಗಳು ಮಲ ಹೊರಬರಲು ಹೊಟ್ಟೆಯ ಮೇಲೆ ಚೀಲ ಇಡಬೇಕಾಗಬಹುದು, ಆಮೇಲೆ ಕಿಮೋ ಕೂಡ ಬೇಕಾಗಬಹುದು."

"ನನಗ ಎರಡು ಯಾಕ?" ಎಂದು ಕಾಕು ಹಿಂದಿಯಲ್ಲಿ ಕೇಳಿದರು.

ಕೆಲವರಿಗೆ ವಂಶದಲ್ಲೇ ಇರುತ್ತದೆ, ಅದಕ್ಕೊಂದು ರಕ್ತಪರೀಕ್ಷೆ ಮಾಡಿಸೋಣ, ಕೆಲವರಿಗೆ ವಯಸ್ಸು, ಬಹಳ ಮಂದಿಗೆ ಯಾಕೆಂದು ಗೊತ್ತೇ ಆಗುವುದಿಲ್ಲ ಎಂದರು ವೈದ್ಯರು. ಗೊತ್ತಿಲ್ಲ ಎನ್ನುವ ವೈದ್ಯರನ್ನು ಕಾಕು ಮೆಚ್ಚಿದಂತೆ ಕಂಡಿತು. ನನಗೆ ನನ್ನ ಕಚೇರಿ ನೆನಪಾಯಿತು, ಅಲ್ಲಿ ಗೊತ್ತಿಲ್ಲ ಎನ್ನುವಂತಿಲ್ಲ.

ಮನೆಗೆ ಬರುವಷ್ಟರಲ್ಲಿ ಸುದ್ದಿ ಹೋಗಿತ್ತು. ಫೋನ್ ಮಾಡಿದವರೆಲ್ಲ ಒಂದೇ ಮಾತು: ಪಾಪ, ಮತ್ತೆ ಬಂತಂತೆ. ಕಾಕು ರಿಸರ್ವೇಷನ್ ಕಿಟಕಿಯಿಂದಲೇ ಉತ್ತರ ಕೊಟ್ಟರು. "ಹಳೇದು ವಾಪಸ್ ಬಂದಿಲ್ಲರೀ. ಇದು ಬ್ಯಾರೆ ಗಾಡಿ. ನಂಬರ್ ಬ್ಯಾರೆ, ಲೈನ್ ಬ್ಯಾರೆ." ಆ ಕಡೆಯವರು ಹೂಂ ಎನ್ನುತ್ತಿದ್ದರು, ನಂಬುತ್ತಿರಲಿಲ್ಲ. ಮನೆಗೆ ಬಂದ ಸಂಘದವರಿಗೆ ಟೀವಿಯ ಪಕ್ಕದ ಫೋಟೋ ಕಡೆ ನೋಡುವುದೇ ಕಷ್ಟವಾಯಿತು. ಗೆದ್ದವರು ಎಂದಮೇಲೆ ಮುಗಿಯಬೇಕಲ್ಲ. ಪಾಸಾದವರನ್ನು ಮತ್ತೆ ಕರೆದು ಬೇರೆ ವಿಷಯದ ಪರೀಕ್ಷೆಗೆ ಕೂರಿಸಿದರೆ ಅಭಿನಂದಿಸಿದವರು ಏನು ಮಾಡಬೇಕು? ಬಾಳೆಹಣ್ಣು ಇಟ್ಟು, ದನಿ ತಗ್ಗಿಸಿ ಮಾತಾಡಿ ಹೋದರು.

"ಎದಿಗೆ ಒಂದು ಚೀಲ ಇತ್ತು, ಈಗ ಹೊಟ್ಟಿಗೊಂದು," ಎಂದರು ಕಾಕು, ಅವರು ಹೋದಮೇಲೆ. "ಮನಿ ತುಂಬ ಚೀಲ. ಬಾಳೆಹಣ್ಣ ಬ್ಯಾರೆ."

ಸೋಮವಾರ ಹಾಸಿಗೆ ಖಾಲಿಯಾಗುತ್ತದೆ, ಬರುವುದಾದರೆ ಭಾನುವಾರದೊಳಗೆ ತಿಳಿಸಿ ಎಂದು ಆಸ್ಪತ್ರೆಯವರು ಹೇಳಿದ್ದರು. ಕಲ್ಲಪ್ಪನವರಿಗೆ ಆಪರೇಷನ್ ಬೇಡವಾಗಿತ್ತು. ಊರಿನಲ್ಲಿರುವ ಅವರ ಅಣ್ಣ ಯಾರೋ ನಾಟಿ ಔಷಧ ಕೊಡುವವರ ಹೆಸರು ಹೇಳಿದ್ದರು. ಊರಿಗೆ ಹೋಗೋಣ, ಶಾಂತವಾಗಿರೋಣ ಎಂಬುದು ಅವರ ಲೆಕ್ಕ. ಆದರೆ ಹೆಂಡತಿಯೆದುರು ಅದನ್ನು ಹೇಳಲು ಬಾಯಿ ಬರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ನನ್ನನ್ನು ಬೀದಿಯ ಕೊನೆಯ ಚಹಾದಂಗಡಿಗೆ ಕರೆದೊಯ್ದು ಚಹಾ ತುಂಬಿದ ಮಣ್ಣಿನ ಕುಡಿಕೆ ಕೈಗಿಟ್ಟರು. ಲಂಚ ಎಂದು ಆಗಲೇ ಹೊಳೆಯಬೇಕಿತ್ತು.

"ನೀ ಒಂದ ಮಾತು ಕೇಳಪಾ ಆಕೀಗೆ. ನಾ ಕೇಳಿದ್ರ ಬೈತಾಳ."

"ಏನಂತ, ಕಾಕಾ?"

"ಸಾಕು ಅನಸೂದಿಲ್ಲೇನ ಅಂತ." ಕುಡಿಕೆಯನ್ನು ತಿರುಗಿಸುತ್ತಾ ಕೂತರು. "ಆಗ ಕಿಮೋ ನಡದಾಗ ಬಚ್ಚಲದಾಗ ಕುಂತು ಬಾಗಲಾ ಹಾಕ್ಕೊಂತಿದ್ಲು. ವಾಂತಿ ಮಾಡೂದು ನಾ ನೋಡಬಾರದಂತ. ನಾ ಹೊರಗ ಸ್ಟೂಲ್ ಹಾಕ್ಕೊಂಡು ಕೂಡ್ತಿದ್ದೆ. ಒಳಗ ಸಪ್ಪಳ ನಿಂತ್ರ ಅಂಜಿಕಿ, ನಡದ್ರ ಸಂಕಟ. ಇನ್ನೊಮ್ಮೆ ಆ ಬಾಗಲಾ ಮುಂದ ಕೂಡೂದು ನನ್ನ ಕೈಲೆ ಆಗೂದಿಲ್ಲೋ ತಮ್ಮಾ."

"ನಿಮ್ಮ ತೊಂದರೆ ನನಗೆ ಅರ್ಥವಾಗುತ್ತೆ," ಎಂದೆ. ಜೀವನದಲ್ಲಿ ಮೊದಲ ಸಲ ಆ ವಾಕ್ಯ ಸಂಬಳವಿಲ್ಲದೆ ಹೊರಬಂತು.

ಹಿಂದಿರುಗಿದಾಗ ಕಾಕು ಅಡುಗೆಮನೆಯಲ್ಲಿ ಈಳಿಗೆಯ ಮುಂದೆ ಕೂತು ಪಟೋಲ್ ಹೆಚ್ಚುತ್ತಿದ್ದರು. ತೊಂಡೆಕಾಯಿಯ ಅಣ್ಣನಂತಿರುವ ಈ ಕಾಯಿಯಿಲ್ಲದೆ ಇಲ್ಲಿ ಬೇಸಿಗೆ ಕಳೆಯುವುದಿಲ್ಲ. ಕಲ್ಲಪ್ಪನವರು ಬಾಗಿಲ ಹತ್ತಿರವೇ ನಿಂತು ಕ್ಯಾಲೆಂಡರ್ ಓದತೊಡಗಿದರು. ನಾನು ಗ್ರಾಹಕರ ಜೊತೆ ಮಾತಾಡುವ ಸ್ವರದಲ್ಲಿ ಬಹಳ ದೂರದಿಂದ ಶುರುಮಾಡಿದೆ. ವಯಸ್ಸು, ಹಿಂದಿನ ಕಷ್ಟ, ಮನೆಯವರ ಮನಸ್ಸು, ಮೇಲಿರುವವನ ಇಚ್ಛೆ.

"ಸುತ್ತು ಹಾಕಬ್ಯಾಡೋ. ಏನ್ ಕೇಳಬೇಕಾಗೇತಿ, ಕೇಳು."

"ಅಲ್ಲ ಕಾಕು, ಒಂದು ಸಲ ಅಷ್ಟೆಲ್ಲ ಅನುಭವಿಸಿದ್ದೀರಿ. ಈಗ ಮತ್ತೆ ಮೊದಲಿಂದ. ಇನ್ನು ಸಾಕು ಅಂತ... ಅನ್ನಿಸಲ್ವಾ?"

ಕಾಕು ಕೈಯಲ್ಲಿದ್ದ ಪಟೋಲ್ ಕೆಳಗಿಟ್ಟರು. ಅವರು ನನ್ನ ಕಡೆ ನೋಡಲೇ ಇಲ್ಲ, ಕ್ಯಾಲೆಂಡರಿನ ಮುಂದೆ ನಿಂತವರ ಬೆನ್ನನ್ನು ನೋಡಿದರು.

"ಸಾಕಾಗಿರೂದು ಅವರಿಗೆ. ನನಗ ಸಾಕಾಗಿಲ್ಲ. ನನಗಿನ್ನೂ ಬದುಕಬೇಕಾಗೇತಿ, ಫೋನ್ ಮಾಡಿ ನಾಳೆ ಬರ್ತೀನಿ ಅಂತ ಹೇಳು."