ಪ್ಯಾಂಟಿನ ಲೆಕ್ಕದಲ್ಲಿ ಸಮಾಜಶಾಸ್ತ್ರ

ಮೂಲೆ ಅಂಗಡಿಯ ದರ್ಜಿಯಪ್ಪನಿಗೆ ಲೋಕದ ಸಮಸ್ತ ಖರ್ಚೂ ಪ್ಯಾಂಟಿನ ಲೆಕ್ಕದಲ್ಲೇ. ಮಗಳ ಸಮಾಜಶಾಸ್ತ್ರದ ಪದವಿಗೆ ವರ್ಷಕ್ಕೆ ನೂರಾ ನಲವತ್ತು ಪ್ಯಾಂಟು, ಹಾಸ್ಟೆಲಿಗೆ ಮತ್ತೆ ಅರವತ್ತು. ಅಳತೆ ಕೊಡಲು ಬಂದವರ ಸೊಂಟಕ್ಕೆ ಟೇಪು ಸುತ್ತಿ, ಅವರು ತಪ್ಪಿಸಿಕೊಳ್ಳಲಾಗದಂತೆ ಮಾಡಿಕೊಂಡು, “ಸ್ವಾಮೀ, ಈ ಸಮಾಜಶಾಸ್ತ್ರ ಓದಿದ್ರೆ ಸಂಬಳ ಎಷ್ಟು ಬರುತ್ತೆ?” ಎನ್ನುತ್ತಾನೆ. ಅವರು ತಡವರಿಸಿದರೆ, “ನೋಡಿದ್ರಾ, ಜೇಬಿಲ್ಲದ ಪ್ಯಾಂಟು!” ಎಂದು ತಾನೇ ತೀರ್ಪು ಕೊಡುತ್ತಾನೆ. ಮೊನ್ನೆ ರಜೆಗೆ ಬಂದ ಮಗಳು ಕಾಲೇಜಿನ ಸಮೀಕ್ಷೆಯ ಹಾಳೆ ಹಿಡಿದು ಎದುರಿಗೆ ಕೂತು, “ಅಪ್ಪಾ, ಚಿಕ್ಕೋನಿದ್ದಾಗ ಏನಾಗ್ಬೇಕು ಅಂತಿದ್ದೆ?” ಎಂದಳು. ಹೊಲಿಗೆಗೆ ಕೂತ ನಲವತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಮೆಷಿನ್ನು ನಿಂತಿತು. “ಈಜು ಕಲಿಸೋ ಮೇಷ್ಟ್ರು ಕಣಮ್ಮಾ” ಎಂದು ಶುರುವಾದ ಮಾತು ಸಂಜೆಯವರೆಗೂ ನಿಲ್ಲಲಿಲ್ಲ. ಅವತ್ತು ಒಂದು ಪ್ಯಾಂಟೂ ಹೊಲಿದಾಗಲಿಲ್ಲ. ಆ ನಷ್ಟವನ್ನು ಮಾತ್ರ ದರ್ಜಿಯಪ್ಪ ಇವತ್ತಿಗೂ ಪದವಿಯ ಖರ್ಚಿಗೆ ಸೇರಿಸಿಲ್ಲ.