ಹೊಗೆಸೊಪ್ಪಿನ ಘಮದೊಳಗಿದ್ದ ಚಂದ್ರ

ತಪ್ಪು ನನ್ನದೇ. ಕಟ್ಟೆಮಳಲವಾಡಿಯ ಅಜ್ಜಿಯೊಬ್ಬರು ಹುಣಸೂರಿನ ಗ್ರಂಥಾಲಯಕ್ಕೆ ಕೊಡಲು ತಂದ ಹಳೇ ವಿಜ್ಞಾನದ ಪುಸ್ತಕ ಗಮ್ಮೆಂದು ಹೊಗೆಸೊಪ್ಪಿನ ವಾಸನೆ ಹೊಡೆಯುತ್ತಿತ್ತು. ಹುಳ ಹಿಡಿಯದಿರಲೆಂದು ಮನೆಯವರು ಹಾಳೆಗಳ ನಡುವೆ ಸೊಪ್ಪಿಟ್ಟಿದ್ದರಂತೆ. ಅಲ್ಲಿ ಪೇಪರ್ ಓದುತ್ತಿದ್ದ, ಸುಮ್ಮನಿರಲಾರದ ನಾನು ಹೊಗೆಸೊಪ್ಪಿನ ಹರಾಜು ಕೂಗುವವನ ದನಿ ತೆಗೆದು ಪುಸ್ತಕವನ್ನೇ ಹರಾಜಿಗಿಟ್ಟೆ. ಓದಲು ಬಂದಿದ್ದವರೆಲ್ಲ ನಕ್ಕರು.

ಅಷ್ಟರಲ್ಲಿ ಗ್ರಂಥಪಾಲಕಿ ಮೇಡಂ ಪುಸ್ತಕದೊಳಗೆ ಮಡಿಚಿದ್ದ ಹಾಳೆಯೊಂದನ್ನು ಬಿಡಿಸಿದರು. ಮೇಜಿನಗಲ ಚಂದ್ರ! ದುರ್ಬೀನಿನಲ್ಲಿ ಕಂಡ ಒಂದೊಂದು ಕುಳಿಯನ್ನೂ ಯಾರೋ ಎಂದೋ ಕೂದಲೆಳೆಯಂಥ ಗೆರೆಗಳಲ್ಲಿ ಬರೆದಿದ್ದರು. ಯಾರ ದನಿಯನ್ನಾದರೂ ತೆಗೆಯುವ ನನಗೆ ನನ್ನ ದನಿಯೇ ಹೊರಡಲಿಲ್ಲ.

"ತುಂಬಾ ಅಪರೂಪದ್ದು ಅಜ್ಜಿ, ಬೀರುವಿನಲ್ಲಿಟ್ಟು ಬೀಗ ಹಾಕ್ತೀವಿ," ಎಂದರು ಮೇಡಂ.

ಅಜ್ಜಿ ಪುಸ್ತಕವನ್ನು ತಮ್ಮತ್ತ ಎಳೆದುಕೊಂಡರು. ನನ್ನತ್ತ ಬೆರಳು ತೋರಿ ಅವರಂದ ಮಾತಿಗೆ ಮೇಡಂ ಬೀಗದಕೈ ಕೆಳಗಿಟ್ಟರು:

"ಬೀಗ ಆಕಕ್ಕೆ ನಮ್ಮನೇಲೂ ಪೆಟ್ಟಿಗೆ ಇತ್ತು ಕಣವ್ವಾ. ಈ ಬಾಯ್ಬಡುಕನ್ನೇ ಸುಮ್ಕೆ ನಿಲ್ಸೈತೆ, ಊರೋರೆಲ್ಲ ನೋಡ್ಲಿ ಬುಡು!"